ಎರಡೇ ಹೊಲಿಗೆ ಜುಬ್ಬ ಕಂಕುಳಲ್ಲೇ ಹರಿದೋಯ್ತದೆ, ಏನ್ ಮಾಡಾದು?

ಕಂಬದಣ್ಣ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಣ್ಮಕ್ಕಳೇ ಜಾಸ್ತಿ ಬರೀತೀರ ಅಂತ ಗೊತ್ತು, ಆದ್ರೂ ಕೇಳ್ತಾ ಇವ್ನಿ. ನಗೋರು ಉತ್ತರ ಹೇಳ್ಬುಟ್ಟು ನಗಿ.

34 ವರ್ಷ ಲೈನ್‌ಮನ್ ಆಗಿದ್ದೆ. ಹೋದ್ವರ್ಷ ರಿಟೈರಾದೆ. ಆದ ಮೂರೇ ತಿಂಗಳಿಗೆ ಎಡಗಡೆ ಭುಜ ಹಿಡ್ಕಂಡ್ತು. ಡಾಕ್ಟ್ರು ಫ್ರೋಜನ್ ಶೋಲ್ಡರ್ ಅಂದ್ರು. ಕಂಬದ ಮ್ಯಾಲೆ ನೇತಾಡ್ಕಂಡಿದ್ದಾಗ ಒಂದಿನ ನೋಯದ ಭುಜ, ಮನೇಲಿ ಕುರ್ಚಿ ಮ್ಯಾಲೆ ಕೂತು ಕಾಫಿ ಕುಡೀವಾಗ ಕೈ ಕೊಡ್ತು. ಈಗ ಶರ್ಟು ಹಾಕ್ಕಳಾದೇ ಒಂದು ದೊಡ್ಡ ಕೆಲ್ಸ. ನಮ್ಮೋಳು ಹಿಂದೆ ನಿಂತ್ಕಂಡು ತೋಳು ತೂರಿಸ್ಬೇಕು, ಕರೂಗೆ ಮೂಗುದಾರ ಹಾಕೋವಾಗ ಮಾಡ್ದಂಗೆ. ನಾನೂ ಕರೂನಂಗೇ ಒದ್ದಾಡ್ತೀನಿ.

ಸಡಿಲವಾಗಿ ಒಂದು ಜುಬ್ಬ ಹೊಲ್ಕೊಡಿ ಅಂತ ಟೈಲರ್ ಹತ್ರ ಹೋದೆ. ‘ಆ ತರಾ ಎಲ್ಲಾ ಈಗ ಯಾರು ಹಾಕ್ತಾರೆ ಸಾರ್, ಫಿಟ್ಟಿಂಗ್ ಬರಲ್ಲ’ ಅಂದ. ನಂಗೆ ಬೇಕಾಗಿರಾದೇ ಫಿಟ್ಟಿಂಗ್ ಬರದೆ ಇರೋ ಬಟ್ಟೆ ಕಣಪ್ಪ ಅಂದ್ರೆ ಅವನಿಗೆ ಅರ್ಥಾಗ್ಲಿಲ್ಲ. ಹೊಲಿಗೆ ಕೂಲಿ 450 ಅಂದ. ಎದ್ದು ಬಂದೆ.

ಬೀರೂಲಿ ನೋಡುದ್ರೆ 19 ಶರ್ಟ್ ಪೀಸ್ ಅವೆ. ಮದ್ವೆ, ನಾಮಕರಣ, ಗೃಹಪ್ರವೇಶ, ಎಲ್ಲಾ ಕಡೆ ತಟ್ಟೇಲಿ ಇಟ್ಟು ಕೊಟ್ಟದ್ದು. ಇನ್ಯಾರಿಗಾದ್ರೂ ದಾಟಿಸಾಕೆ ಅಂತ ನಮ್ಮೋಳು ಮಡಗಿರಾದು. ಒಂದೆರಡು ಪೀಸು ಊರೆಲ್ಲಾ ಸುತ್ತಿ ನಮ್ಮನೇಗೇ ವಾಪಸ್ ಬಂದಿರಾಂಗೈತೆ. ಮಿಷನ್ ಇಲ್ಲ, ಇದ್ದ ಒಂದನ್ನ ಮದ್ದೂರಲ್ಲಿರೋ ಮಗಳಿಗೆ ಕೊಟ್ಟಾಯ್ತು. ಕೈಯಲ್ಲೇ ಹೊಲಿಯವ ಅಂತ ಕುಂತೆ.

ಮೊಬೈಲಲ್ಲಿ ನೋಡ್ದೆ. ಬಟ್ಟೆ ಮಡ್ಚು, ಕತ್ತಿಗೆ ತೂತು ಮಾಡು, ಎರಡು ಪಕ್ಕ ಹೊಲಿ, ಮುಗೀತು. ನಾನು ಮಾಡಿದ್ದು ಹಿಂಗೆ. 36 ಪನ್ನದ ಬಟ್ಟೆ, ಅಂದ್ರೆ ಅಗಲ 36 ಇಂಚು, ಉದ್ದ ಎರಡೂಕಾಲು ಮೀಟ್ರು. ಅದ್ರಲ್ಲಿ 64 ಇಂಚು ಉದ್ದ ತಗಂಡು ಭುಜದ ಹತ್ರ ಅಡ್ಡಕ್ಕೆ ಮಡ್ಚಿದೆ, ಅಲ್ಲಿಗೆ ಭುಜಕ್ಕೆ ಹೊಲಿಗೇನೇ ಬೇಕಾಗಿಲ್ಲ. ನನ್ನ ಎದೆ 40. ನಡುವೆ 23 ಇಂಚು ಮೈಗೆ ಬುಟ್ಟೆ, ಆ ಕಡೆ ಈ ಕಡೆ ಆರೂವರೆ ಇಂಚು ತೋಳಿಗೆ. ತೋಳು 9 ಇಂಚು ಅಗಲ, ಅದ್ರಿಂದ ಕೆಳಗಿನ ಬಟ್ಟೆ ಕತ್ರಿಸಿ ತೆಗ್ದೆ. ಕಂಕುಳ ಮೂಲೆ ಮಟ್ಟಗೋಲು ಇಟ್ಟಂಗೆ 90 ಡಿಗ್ರಿ. ಅದನ್ನ ನೋಡಿ ನಂಗೇ ಹೆಮ್ಮೆ ಆಗಿತ್ತು.

ಹೊಲ್ದು ಒಳಮೈ ಹೊರಮೈ ತಿರುಗಿಸಿದಾಗ ಮೂಲೇಲಿ ಬಟ್ಟೆ ಮುದುರ್ಕಂಡ್ತು. ವಿಡಿಯೋದಲ್ಲಿ ಅವ್ರು ಮೂಲೆಗೆ ಕತ್ರಿ ಹಾಕಿದ್ರು, ನಾನೂ ಹಾಕ್ದೆ. ಮಾರನೇ ದಿನ ಅದನ್ನ ಹಾಕ್ಕಂಡು ಬಲಗೈಯಲ್ಲಿ ಅಟ್ಟದ ಮ್ಯಾಲಿನ ಡಬ್ಬ ತೆಗ್ಯಾಕೋದೆ, ಪರ್ರ್ ಅಂತು. ಎಡಗಡೆ ನೆಟ್ಟಗೇ ಐತೆ, ಯಾಕಂದ್ರೆ ಎಡಗೈ ಮ್ಯಾಲೇಳದೇ ಇಲ್ವಲ್ಲ.

ಎರಡ್ನೇದಕ್ಕೆ ದಾರ ಜೋಡಿ ಮಾಡಿ, ಗಟ್ಟಿಯಾಗಿ ಎಳ್ದೆಳ್ದು ಹೊಲ್ದೆ. ಈ ಸಲ ದಾರ ಹಂಗೇ ಇತ್ತು, ಪಕ್ಕದಲ್ಲಿ ಬಟ್ಟೇನೇ ಸೀಳ್ತು. ಇದು ಎಡಗಡೆ, ನಮ್ಮೋಳು ತೋಳು ತೂರಿಸ್ವಾಗ. 19ರಲ್ಲಿ ಎರಡು ಹೋಯ್ತು. ಮೂರ್ನೇದು ಕತ್ರಿಸಾದಕ್ಕೆ ಮುಂಚೆ ಯಾರಾದ್ರೂ ಬುದ್ಧಿ ಹೇಳಿ.

ಅಗ್ರಹಾರದ ಫಾಲ್ ಕುಚ್ಚು, ಮೈಸೂರು

ನಗಲಿಲ್ಲ ಸಾರ್. ಅಂದ್ರೆ, ಕರು ಹತ್ರ ಸ್ವಲ್ಪ ನಕ್ಕೆ.

ನಾನು 22 ವರ್ಷದಿಂದ ಮನೇಲೇ ಸೀರೆಗೆ ಫಾಲ್ ಹಾಕ್ತೀನಿ, ಕುಚ್ಚು ಕಟ್ತೀನಿ. ಕೈಹೊಲಿಗೆ ಬಿಟ್ರೆ ನನಗೆ ಬೇರೆ ಗೊತ್ತಿಲ್ಲ, ಅದು ಮಾತ್ರ ಚೆನ್ನಾಗಿ ಗೊತ್ತು. ನೀವು ಒಂದು ಒಳ್ಳೇ ಕೆಲಸ ಮಾಡಿದೀರಿ: ಹರಿದಿದ್ದು ದಾರವಾ, ಬಟ್ಟೆಯಾ ಅಂತ ನೋಡಿ ಹೇಳಿದೀರಿ. ಎಷ್ಟೋ ಜನ ‘ಬಿಚ್ಕೊಂಡ್ಬಿಡ್ತು’ ಅಂತ ತಂದು ಮುಂದಿಡ್ತಾರೆ, ಯಾವುದು ಬಿಚ್ಚಿತು ಅಂತ ನಾನೇ ಕನ್ನಡಕ ಹಾಕ್ಕೊಂಡು ಹುಡುಕಬೇಕು.

ನಿಮ್ಮ ಎರಡು ಅಂಗಿಗೂ ಎರಡು ಬೇರೆ ಕಾಯಿಲೆ. ಮೊದಲನೇದು ದಾರ ಕಿತ್ತಿದ್ದು. ಇಂಚಿಗೆ ಎಷ್ಟು ಹೊಲಿಗೆ ಹಾಕಿದ್ರಿ? ಮೂರೋ ನಾಲ್ಕೋ ಇರಬೇಕು. ಅದು ಕಚ್ಚಾ ಹೊಲಿಗೆ, ಅಳತೆ ನೋಡೋಕೆ ಹಾಕಿ ಬಿಚ್ಚೋದು. ಮೈಮೇಲೆ ಹಾಕೋ ಬಟ್ಟೆಗೆ ಇಂಚಿಗೆ ಏಳೆಂಟು ಬೇಕು. ಕಂಕುಳ ಹತ್ರ ಒಂದು ಗೇಣು ದೂರ ಹಿಂಹೊಲಿಗೆ ಹಾಕಿ: ಸೂಜಿ ಮುಂದೆ ಬಂದು, ಒಂದು ಹೆಜ್ಜೆ ಹಿಂದೆ ಹೋಗಿ ಚುಚ್ಚಿ, ಎರಡು ಹೆಜ್ಜೆ ಮುಂದೆ ಏಳಬೇಕು. ಉಳಿದ ಕಡೆ ಸೂಜಿ ಮೇಲೆ ಕೆಳಗೆ ಮುಂದಕ್ಕೇ ಹೋಗೋ ಓಟದ ಹೊಲಿಗೆ ಸಾಕು, ನಾಲ್ಕಕ್ಕೆ ಒಂದು ಸಲ ಹಿಂದೆ ಹೋಗಿ ಬನ್ನಿ.

ಎರಡನೇದು ನೀವು ಸಿಟ್ಟಲ್ಲಿ ಹೊಲಿದಿದ್ದು, ನೋಡಿದ್ರೇ ಗೊತ್ತಾಗತ್ತೆ. ಜೋಡಿ ದಾರ ಎಳೆದು ಕಟ್ಟಿದ್ರೆ ದಾರ ಗರಗಸ ಆಗತ್ತೆ, ಬಟ್ಟೆನ ಅದೇ ಕುಯ್ಯತ್ತೆ. ಅದರ ಜೊತೆ ಮೂಲೆಗೆ ಕತ್ರಿ ಬೇರೆ. ದಾರ ಯಾವಾಗ್ಲೂ ಬಟ್ಟೆಗಿಂತ ಸ್ವಲ್ಪ ಸೋತಿರಬೇಕು. ಹರಿಯೋದಿದ್ರೆ ದಾರ ಹರೀಲಿ, ಮತ್ತೆ ಹೊಲೀಬಹುದು. ಬಟ್ಟೆ ಹರಿದ್ರೆ ತೇಪೆನೇ ಗತಿ.

ಒಂದು ಗೇಣು ಹೊಲಿದ ಮೇಲೆ ನಿಲ್ಲಿಸಿ, ಹೊಲಿಗೆ ಮೇಲೆ ಹೆಬ್ಬೆರಳಿಂದ ಒತ್ತಿ ಸವರಿ. ಮುದುರಿದ್ದು ಹರಡಿಕೊಳ್ಳತ್ತೆ, ದಾರ ತನಗೆ ಬೇಕಾದಷ್ಟು ಜಾಗ ತಗೊಳ್ಳತ್ತೆ. ಇದನ್ನ ನನಗೆ ನಮ್ಮತ್ತೆ ಹೇಳ್ಕೊಟ್ಟಿದ್ದು. ಬೇರೆ ಏನೂ ಹೇಳ್ಕೊಡ್ಲಿಲ್ಲ ಅವರು.

ದಾರ ಬೆರಳ ತುದಿಯಿಂದ ಮೊಣಕೈ ದಾಟಿ ಒಂದು ಗೇಣಷ್ಟು ಸಾಕು. ಮತ್ತೆ ಮತ್ತೆ ಪೋಣಿಸೋ ಬೇಜಾರಿಗೆ ಮಾರುದ್ದ ತಗೊಂಡ್ರೆ ಗಂಟಾಗತ್ತೆ. ರೀಲಿಂದ ಮೊದಲು ಹೊರಗೆ ಬಂದ ತುದಿನೇ ಸೂಜಿಗೆ ಹಾಕಿ, ಸುರುಳಿ ಕಮ್ಮಿ. ದೇವರ ಮನೇಲಿ ಜೇನುಮೇಣ ಇದ್ರೆ ದಾರನ ಅದರ ಮೇಲೆ ಒಂದು ಸಲ ಎಳೀರಿ, ಇನ್ನೂ ಒಳ್ಳೇದು. ಮೇಣದಬತ್ತಿ ಬೇಡ, ಅದು ಪುಡಿಪುಡಿ ಉದುರತ್ತೆ. ಸೂಜಿ ನಂಬರ್ 8 ಅಥವಾ 9 ಕೇಳಿ. ಕೈಸೂಜಿಗೆ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ. ಮಿಷನ್ ಸೂಜಿಗೆ ಉಲ್ಟಾ. ಅಂಗಡೀಲಿರೋ ಹುಡುಗರಿಗೇ ಇದು ಗೊತ್ತಿರಲ್ಲ.

ಇನ್ನು ನಿಮ್ಮ ಮಟ್ಟಗೋಲು. ಅದು ಕಂಬಕ್ಕೆ ಸರಿ, ಕಂಕುಳಿಗೆ ಬೇಡ. ಮೂಲೇಲಿ ಒಂದು ಕಾಫಿ ಲೋಟ ಬೋರಲಾಗಿಟ್ಟು ಅದರ ಸುತ್ತ ಗೆರೆ ಎಳೀರಿ, ದುಂಡಗೆ ಕತ್ತರಿಸಿ. ಕತ್ರಿ ಹಾಕೋವಾಗ ಒಂದೇ ಕಡೆ ಆಳವಾಗಿ ಬೇಡ, ದುಂಡನೇ ಜಾಗದಲ್ಲಿ ನಾಲ್ಕು ಕಡೆ ಸಣ್ಣ ಸಣ್ಣ ಕಚ್ಚು, ಹೊಲಿಗೆಯಿಂದ ಎರಡು ನೂಲು ಈಚೆಗೇ ನಿಲ್ಲಿಸಿ.

ಬಟ್ಟೆ ಕತ್ತರಿಸೋ ಮುಂಚೆ ನೆನೆಸಿ ಒಗೆದ್ರಾ? ಇಲ್ಲ ಅಂತ ನನ್ನ ಮನಸ್ಸು ಹೇಳ್ತಿದೆ.

ಕಂಬದಣ್ಣ, ಮಂಡ್ಯ

ಇಲ್ಲ ಮೇಡಂ, ಒಗ್ದಿರ್ಲಿಲ್ಲ.

ದಾರ ಸೋತಿರಬೇಕು ಅಂದ್ರಲ್ಲ, ಅದು ತಟ್ ಅಂತ ತಲೆಗೋಯ್ತು. ನಮ್ ಲೈನೂ ಹಂಗೇ. ಎರಡು ಕಂಬದ ನಡುವೆ ತಂತೀನ ಬಿಗಿಯಾಗಿ ಎಳ್ದು ಕಟ್ಟಂಗಿಲ್ಲ, ಜೋಲು ಬುಡ್ಬೇಕು. ಬ್ಯಾಸಗೇಲಿ ತಂತಿ ಉದ್ದ ಆಯ್ತದೆ, ಚಳೀಲಿ ಕುಗ್ತದೆ. ಬಿಸಿಲಲ್ಲಿ ನೋಡಾಕೆ ಚೆಂದ ಅಂತ ಬಿಗಿಯಾಗಿ ಕಟ್ಟುದ್ರೆ ಧನುರ್ಮಾಸದ ಬೆಳಗ್ಗೆ ಅದು ಬಿಗಿದು ಬಿಗಿದು ಕಂಬಾನೇ ಜಗ್ತದೆ, ಇಲ್ಲಾ ಕಟ್ಟಾಯ್ತದೆ. ಕಟ್ಟಾಗಾದೂ ನಡುವೆ ಅಲ್ಲ, ಹೆಚ್ಚಾಗಿ ಜೋಡ್ಸಿರೋ ಜಾಗದಲ್ಲೇ. ಹೊಸ ಹುಡುಗ್ರಿಗೆ ಇದನ್ನ 34 ವರ್ಷ ಹೇಳಿವ್ನಿ, ಸೂಜಿ ಹಿಡ್ದಾಗ ನಂಗೇ ಮರೆತೋಗಿತ್ತು.

ಲೋಟ ಇಟ್ಟು ದುಂಡಗೆ ಮಾಡಿ, ಹಳೇ ಪಂಚೇಲಿ ಒಂದು ಹೊಲ್ದು ನೋಡ್ದೆ. ಹರೀಲಿಲ್ಲ. ಆದ್ರೆ ಬಲಗೈ ಎತ್ತುದ್ರೆ ಇಡೀ ಅಂಗಿ ಒಂದು ಕಡೆ ಮ್ಯಾಲೆದ್ದು ಹೊಟ್ಟೆ ಕಾಣ್ತದೆ. ನಮ್ಮೋಳು ‘ಹಿಂಗೇ ಬೀದಿಗೆ ಹೋಗಬ್ಯಾಡಿ’ ಅಂದ್ಲು. ಎಡಗಡೆ ತೂರಿಸ್ವಾಗ್ಲೂ ಇನ್ನೂ ಬಿಗಿ. ಹೊಲಿಗೆ ಸರಿ ಹೋಯ್ತು, ಕಟ್ಟಿಂಗಲ್ಲೇ ಏನೋ ಐಬು ಐತೆ.

ದರ್ಜಿ, ಲಷ್ಕರ್ ಮೊಹಲ್ಲಾ

ಸಾರ್, ನಾನು ಟೈಲರ್, ಮೈಸೂರು. ನಿಮಗೆ ‘ಫಿಟ್ಟಿಂಗ್ ಬರಲ್ಲ’ ಅಂದ ಟೈಲರ್ ನಾನಲ್ಲ, ಮೊದಲೇ ಹೇಳ್ಬಿಡ್ತೀನಿ.

ಮೇಡಂ ಹೇಳಿದ್ದು ಹೊಲಿಗೆಗೆ ನೂರಕ್ಕೆ ನೂರು. ಆದರೆ ಈ ಒಂದೇ ಪೀಸ್ ಜುಬ್ಬದಲ್ಲಿ ದುಂಡಗೆ ಮಾಡಿದ್ರೂ ಬಟ್ಟೆ ಸಾಲಲ್ಲ. ಕೈ ಕೆಳಗೆ ಬಿಟ್ಟು ನಿಂತ್ಕೊಳ್ಳಿ. ಯಾರನ್ನಾದ್ರೂ ಕರೆದು ಟೇಪಿನ ಒಂದು ತುದಿ ಸೊಂಟದ ಪಕ್ಕ ಇಟ್ಟು ಕಂಕುಳ ಮೂಲಕ ಮೊಣಕೈ ತನಕ ಅಳೀಲಿ. ಈಗ ಕೈ ಮೇಲೆತ್ತಿ, ಮತ್ತೆ ಅಳೀಲಿ. ಎಷ್ಟು ಇಂಚು ಜಾಸ್ತಿ ಬರುತ್ತೆ ನೀವೇ ನೋಡಿ. ಆ ಇಂಚುಗಳು ನಿಮ್ಮ ಅಂಗೀಲಿ ಎಲ್ಲೂ ಇಲ್ಲ. ಇಲ್ಲದ್ದನ್ನ ಕೊಡು ಅಂದ್ರೆ ಬಟ್ಟೆ ಎಲ್ಲಿಂದ ಕೊಡುತ್ತೆ? ಒಂದು ಹರಿಯುತ್ತೆ, ಇಲ್ಲ ಕೆಳಗಿಂದ ಹೊಟ್ಟೆ ಮೇಲಿನ ಬಟ್ಟೆ ಎಳ್ಕೊಳ್ಳುತ್ತೆ.

ಇದಕ್ಕೆ ಹಳೇ ಜುಬ್ಬದಲ್ಲಿ ಕಂಕುಳಿಗೆ ಒಂದು ಚೌಕ ತುಂಡು ಕೂರಿಸ್ತಿದ್ರು. ನಮ್ಮ ತಂದೆ ಅದಕ್ಕೆ ಬಗಲ್ ಅಂತಲೇ ಅಂತಿದ್ರು, ಉರ್ದೂಲಿ ಕಂಕುಳಿಗೂ ಅದೇ ಮಾತು. ಹೊಲಿಗೆ ಮುಗಿದ್ರೆ 4 ಇಂಚು ಇರಬೇಕು, ಅಂದ್ರೆ 5 ಇಂಚಿನ ಚೌಕ ಕತ್ತರಿಸಿ, ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ. ನೂಲು ನೋಡಿ ನೇರಕ್ಕೇ ಕತ್ತರಿಸಿ. ಕೂರಿಸಿದಾಗ ಅದು ತಾನೇ ತಿರುಗಿ ಗಾಳಿಪಟದ ತರ ಮೂಲೆ ಮೇಲೆ ನಿಲ್ಲುತ್ತೆ: ಒಂದು ಮೂಲೆ ತೋಳಿನ ಹೊಲಿಗೆ ಕಡೆ, ಎದುರು ಮೂಲೆ ಪಕ್ಕದ ಹೊಲಿಗೆ ಕಡೆ. ಕೈ ಎತ್ತಿದಾಗ ಎಳೆತ ಬೀಳೋದು ಆ ಮೂಲೆಯಿಂದ ಈ ಮೂಲೆಗೆ, ಅಂದ್ರೆ ಬಟ್ಟೆಯ ಕ್ರಾಸಿಗೆ. ಕರ್ಚೀಫ್ ತಗೊಂಡು ಅಂಚು ಹಿಡಿದು ಎಳೀರಿ, ಬರಲ್ಲ. ಮೂಲೆ ಹಿಡಿದು ಎಳೀರಿ, ಹಿಗ್ಗುತ್ತೆ. ಅಷ್ಟೇ ಸಾರ್ ಇದರ ಗುಟ್ಟು. ಇದರಲ್ಲಿ ಇಲಾಸ್ಟಿಕ್ ಇಲ್ಲ, ಏನೂ ಇಲ್ಲ.

ಇನ್ನೊಂದು ಮಾತು, ನಿಮಗೆ ಇಷ್ಟ ಆಗಲ್ಲ. ತೋಳನ್ನ ಮೈ ಬಟ್ಟೆಯಲ್ಲೇ ಸೇರಿಸಿ ಕತ್ತರಿಸಬೇಡಿ. ಹಾಗೆ ಮಾಡಿದ್ರೆ ಚೌಕ ಕೂರಿಸೋಕೆ ಆ ಒಳಮೂಲೆಗೆ ಕತ್ರಿ ಹಾಕಲೇಬೇಕು, ಅಲ್ಲೇ ಮತ್ತೆ ವೀಕ್. ಮೈ ಬೇರೆ, ತೋಳು ಬೇರೆ ಕತ್ತರಿಸಿ. ಎಲ್ಲಾ ಚೌಕ, ಎಲ್ಲಾ ನೇರ ಹೊಲಿಗೆ. ಎಲ್ಲೂ ಒಳಮೂಲೆ ಇಲ್ಲ, ಎಲ್ಲೂ ಕತ್ರಿ ಕಚ್ಚು ಇಲ್ಲ.

ನಿಮ್ಮದು 36 ಪನ್ನ, ಎರಡೂಕಾಲು ಮೀಟರ್, ಅಂದ್ರೆ 88 ಇಂಚು ಸಿಗುತ್ತೆ. ಒಗೆದ ಮೇಲೆ ಒಂದೆರಡು ಇಂಚು ಕಮ್ಮಿ ಹಿಡೀರಿ. ಮೈಗೆ 24 ಅಗಲ, 64 ಉದ್ದ. ಉಳಿದ ಉದ್ದ 22ಕ್ಕೆ ಕಮ್ಮಿ ಬರಲ್ಲ, ಅದರಲ್ಲಿ ತೋಳು ಎರಡು, ಒಂದೊಂದು 17ಕ್ಕೆ 11. ಒಂದರ ಮೇಲೊಂದು ಬಂದ್ರೆ 22 ಆಯ್ತು. ಪಕ್ಕದಲ್ಲಿ 12 ಇಂಚಿನ ಉದ್ದ ಪಟ್ಟಿ ಉಳಿಯುತ್ತೆ. ಅದರಲ್ಲಿ ಬಗಲ್ ಎರಡು, ಜೇಬು, ಕತ್ತಿನ ಪಟ್ಟಿ ಎಲ್ಲಾ ಬರುತ್ತೆ. ಚಿಂದಿ ಒಂದು ಮುಷ್ಟಿನೂ ಉಳಿಯಲ್ಲ.

ಹೊಲಿಯೋ ಕ್ರಮ: ಮೈ ಬಟ್ಟೇಲಿ ಭುಜದ ಮಡಿಕೆಗೆ ತೋಳಿನ ನಡು ಕೂರಿಸಿ, ಮುಂದೆ 8, ಹಿಂದೆ 8 ಹೊಲೀರಿ. ಆಮೇಲೆ ಚೌಕದ ಒಂದು ಬದಿ ತೋಳಿನ ಬದಿಗೆ, ಅದರ ಪಕ್ಕದ ಬದಿ ಮೈ ಬಟ್ಟೆಗೆ. ಅದೇ ತರ ಹಿಂದುಗಡೆ. ಕೊನೆಗೆ ತೋಳಿನ ಉಳಿದ ಹೊಲಿಗೆ, ಪಕ್ಕದ ಉಳಿದ ಹೊಲಿಗೆ. ಒಂದೊಂದು ಮೂಲೆಯಲ್ಲೂ ಅರ್ಧ ಇಂಚು ಈಚೆ ಪೆನ್ಸಿಲ್ ಚುಕ್ಕೆ ಇಡಿ, ಚುಕ್ಕೆಗೆ ಬಂದ ತಕ್ಷಣ ನಿಲ್ಲಿಸಿ, ಗಂಟು ಹಾಕಿ, ದಾರ ಕಟ್ ಮಾಡಿ, ಮುಂದಿನ ಬದಿ ಹೊಸದಾಗಿ ಶುರು ಮಾಡಿ. ಚುಕ್ಕೆ ದಾಟಿ ಒಂದು ಹೊಲಿಗೆ ಹೋದ್ರೂ ಅಲ್ಲಿ ನಿರಿಗೆ ಬೀಳುತ್ತೆ. ಇದೊಂದು ಜಾಗದಲ್ಲಿ ಕೈಹೊಲಿಗೆ ಮಿಷನ್‌ಗಿಂತ ಸುಲಭ, ನಿಜವಾಗ್ಲೂ. ನನ್ನ ಮಗ ಮಿಷನ್ ಮೇಲೆ ಈ ಮೂಲೆ ಮಾಡೋವಾಗ ಬೈಕೊಂಡೇ ಮಾಡ್ತಾನೆ.

ಪಕ್ಕ ಕೆಳಗೆ 6 ಇಂಚು ಸೀಳು ಬಿಡಿ, ಕೂತಾಗ ಎಳೆಯಲ್ಲ. ಕತ್ತು ಕೊನೆಗೆ ಕತ್ತರಿಸಿ. ಚಿಕ್ಕದಾದ್ರೆ ದೊಡ್ಡದು ಮಾಡಬಹುದು.

ಗಂಗೋತ್ರಿ ಹುಡುಗಿ

ನಾನು ಮಾನಸಗಂಗೋತ್ರೀಲಿ ಓದ್ತಿದೀನಿ, ಹಾಸ್ಟೆಲಲ್ಲಿ ಮಿಷನ್ ಇಲ್ಲ, ಹಾಗಾಗಿ ನನ್ನದೂ ಕೈಹೊಲಿಗೆ ಸಂಸಾರ. ದರ್ಜಿ ಅಂಕಲ್ ಹೇಳಿದ ಚೌಕ ತುಂಡು ಬರೀ ನಮ್ಮ ಜುಬ್ಬದಲ್ಲಿ ಮಾತ್ರ ಅಲ್ಲ. ಯೂರೋಪಿನ ಹಳೇ ಲಿನನ್ ಅಂಗಿಗಳಲ್ಲೂ ಕಂಕುಳಿಗೆ ಇದೇ ಚೌಕ. ಹೊಲಿಗೆ ಮಿಷನ್ ಬರೋದಕ್ಕೆ ಮುಂಚೆ, 1700ರ ದಶಕಗಳಲ್ಲಿ, ಅಲ್ಲೂ ಗಂಡಸರ ಅಂಗಿ ಪೂರ್ತಿ ಚೌಕ, ಆಯತಗಳಿಂದಲೇ ಆಗ್ತಿತ್ತು. ಬಟ್ಟೆ ಕೈಮಗ್ಗದ್ದು, ದುಬಾರಿ. ದುಂಡಗೆ ಕತ್ತರಿಸಿದ್ರೆ ಚಿಂದಿ ಹೋಗತ್ತೆ ಅಂತ ಯಾರೂ ಕತ್ತರಿಸ್ತಾ ಇರ್ಲಿಲ್ಲ.

ಜಪಾನಿನ ಕಿಮೋನೋ ಇನ್ನೂ ಮಜಾ. ಅದರ ಥಾನು ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದ. ಒಂದು ಥಾನಿಗೆ ಒಂದು ಕಿಮೋನೋ, ಎಲ್ಲಾ ನೇರ ಪಟ್ಟಿಗಳು. ಅವರು ಕಂಕುಳಿಗೆ ತುಂಡು ಹಾಕಲ್ಲ. ಹೆಂಗಸರ ಕಿಮೋನೋದಲ್ಲಿ ಆ ಜಾಗನ ಹೊಲೀದೇ ತೆರೆದು ಬಿಟ್ಬಿಡ್ತಾರೆ! ಹಳೇ ಕಾಲದಲ್ಲಿ ಒಗೆಯೋಕೆ ಇಡೀ ಉಡುಪನ್ನ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಒಗೆದು ಒಣಗಿಸಿ, ಮತ್ತೆ ಹೊಲೀತಿದ್ರಂತೆ. ಕೈಹೊಲಿಗೆ ಆದ್ದರಿಂದಲೇ ಬಿಚ್ಚೋದು ಸುಲಭ.

ಅಂಕಲ್, ನೀವೂ ಕಂಕುಳ ಹತ್ರ 4 ಇಂಚು ಹೊಲೀದೇ ಬಿಟ್ಬಿಡಿ. ಗಾಳಿನೂ ಆಡತ್ತೆ, ಕೆಲಸನೂ ಕಮ್ಮಿ.

ಕಂಬದಣ್ಣ, ಮಂಡ್ಯ

ತಾಯಿ, ಮಂಡ್ಯದಲ್ಲಿ ಕಂಕುಳು ಬುಟ್ಕಂಡು ಓಡಾಡುದ್ರೆ ‘ಅಣ್ಣಂಗೆ ಪೆನ್ಷನ್ ಬತ್ತಾ ಇಲ್ವಾ’ ಅಂತಾರೆ.

ಟೈಲರ್ ಸಾಯೇಬ್ರೆ, ಟೇಪಲ್ಲಿ ಅಳುಸ್ದೆ. ಬಲಗೈ ಎತ್ತುದ್ರೆ 5 ಇಂಚು ಜಾಸ್ತಿ ಬತ್ತದೆ. ಕರ್ಚೀಫೂ ಎಳ್ದು ನೋಡ್ದೆ. ನಮ್ಮೋಳಿಗೂ ಎಳ್ಸಿ ತೋರ್ಸ್ದೆ, ‘ಗೊತ್ತು’ ಅಂದ್ಲು. ಗೊತ್ತಿದ್ರೆ ಎರಡು ಶರ್ಟ್ ಪೀಸ್ ಹಾಳಾಗೋವರ್ಗೂ ಯಾಕೆ ಸುಮ್ನಿದ್ದೆ ಅಂದುದ್ದಕ್ಕೆ ‘ಕೇಳ್ಲಿಲ್ವಲ್ಲ’ ಅಂದ್ಲು.

ಎರಡೇ ಹೊಲಿಗೆ ಅಂತ ಶುರು ಮಾಡಿದ್ದು, ನೀವು ಹೇಳಿದ್ದನ್ನ ಬೆರಳಲ್ಲಿ ಎಣಿಸುದ್ರೆ ಎರಡು ಕೈ ಬೆರಳೂ ಸಾಲ್ದು. ಪರ್ವಾಗಿಲ್ಲ, ಟೈಮೇನು ಬೇಕಾದಷ್ಟೈತೆ. ಬಟ್ಟೆ ಯಾವ್ದು ತಗಳ್ಳಿ? ಪೀಸುಗಳಲ್ಲಿ ಅರ್ಧಕ್ಕರ್ಧ ಟೆರಿಕಾಟು, ಸೂಜಿ ಜಾರ್ತದೆ.

ಹಾಸುಹೊಕ್ಕು, ನಂಜನಗೂಡು ರಸ್ತೆ

ಟೆರಿಕಾಟ್ ಮುಟ್ಟಬೇಡಿ. ಅದು ಮಡಿಕೆ ನಿಲ್ಲೋದಿಲ್ಲ, ಕೈಹೊಲಿಗೆ ಕಲಿಯೋರಿಗೆ ಶತ್ರು. ಆ ಪೀಸುಗಳು ಊರು ಸುತ್ತಲಿ ಬಿಡಿ.

ಹತ್ತಿ ಬಟ್ಟೇಲಿ ಕೈಮಗ್ಗದ್ದು ಸಿಕ್ಕಿದರೆ ಸೂಜಿಗೆ ಬೆಣ್ಣೆ. ನೂಲು ಕಣ್ಣಿಗೇ ಕಾಣ್ತದೆ, ಎಣಿಸ್ಕೊಂಡು ಹೊಲೀಬಹುದು. ನಮ್ಮ ಕಡೆ ಬದನವಾಳು ಅಂತ ಊರು, ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ ಇರೋದು ಅಲ್ಲೇ. 2015ರಲ್ಲಿ ಕೈ ಉತ್ಪನ್ನಗಳ ಪರವಾಗಿ ಸತ್ಯಾಗ್ರಹ ನಡೆದದ್ದೂ ಅದೇ ಊರಲ್ಲಿ. ನಿಮ್ಮ ಜಿಲ್ಲೆಯಲ್ಲೇ ಮೇಲುಕೋಟೆ ಇದೆ, ಅಲ್ಲಿನ ಪಂಚೆ ಗೊತ್ತಲ್ಲ. ಅಂಗಿಗೆ ಪಂಚೆ ಬಟ್ಟೆ ತೆಳು ಅನ್ನಿಸಬಹುದು, ಬೇಸಿಗೆಗೆ ಅದೇ ಸುಖ.

ಆದರೆ ಖಾದಿ ಕುಗ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಮಾರನೇ ದಿನ ಇನ್ನೊಂದು ಸಲ ಅದೇ ಮಾಡಿ, ಆಮೇಲೆ ಕತ್ತರಿ. ಗೆರೆ ಎಳೆದು ಕತ್ತರಿಸೋಕಿಂತ ಒಂದು ನೂಲು ಎಳೆದು ತೆಗೀರಿ, ಬಟ್ಟೇಲಿ ತೆಳ್ಳಗೆ ಒಂದು ದಾರಿ ಬೀಳ್ತದೆ, ಅದರ ಮೇಲೇ ಕತ್ತರಿ ಓಡಿಸಿ. ಎಲ್ಲಾ ತುಂಡೂ ಚೌಕ ಆದ್ದರಿಂದ ಸ್ಕೇಲೂ ಬೇಡ, ಪೆನ್ಸಿಲೂ ಬೇಡ. ಮತ್ತೆ ಬಟ್ಟೆಯ ನೇಯ್ದ ಅಂಚನ್ನ ಹಾಳು ಮಾಡಬೇಡಿ. ಮೈ ತುಂಡಿನ ಒಂದು ಬದಿಗೆ ಅಂಚು ಬರೋ ಹಾಗೆ ಕತ್ತರಿಸಿದರೆ ಆ ಕಡೆ ನೂಲು ಬಿಚ್ಚೋದಿಲ್ಲ, ಮಡಚಿ ಹೊಲಿಯೋ ಕೆಲಸ ಅಷ್ಟು ಉಳೀತು.

ದಾರ ಮಾತ್ರ ಜೋಡಿಯಾಗೇ ಹಾಕಿ. ಖಾದಿ ಒರಟು, ಒಂಟಿ ದಾರ ಸವೀತದೆ.

ಅಗ್ರಹಾರದ ಫಾಲ್ ಕುಚ್ಚು, ಮೈಸೂರು

ಜೋಡಿ ದಾರ ಬೇಡವೇ ಬೇಡ. ಎರಡು ಎಳೆ ಯಾವತ್ತೂ ಸಮ ಬರಲ್ಲ, ಒಂದು ಬಿಗಿ, ಒಂದು ಸಡಿಲ, ಸಡಿಲ ಇರೋದು ಗಂಟಾಗತ್ತೆ. ಗಟ್ಟಿ ಬೇಕಾದ್ರೆ ದಪ್ಪ ದಾರ ತಗೊಳ್ಳಿ, 40 ನಂಬರ್ ಹತ್ತಿ ದಾರ. ಮೇಣ ಹಚ್ಚಿದ್ರೆ ಸವೆಯಲ್ಲ.

ಹಾಸುಹೊಕ್ಕು, ನಂಜನಗೂಡು ರಸ್ತೆ

ಗುಂಡಿ ಹೊಲಿಯೋಕೆ?

ಅಗ್ರಹಾರದ ಫಾಲ್ ಕುಚ್ಚು, ಮೈಸೂರು

ಗುಂಡಿಗೆ ಜೋಡಿ. ಅಷ್ಟೇ.

ಕಂಬದಣ್ಣ, ಮಂಡ್ಯ

ಎಲ್ಲರಿಗೂ ವರದಿ. ಹತ್ತು ದಿನ ಆಯ್ತು, ಅದ್ರಲ್ಲಿ ಹೊಲ್ದಿದ್ದು ಎಂಟು ಸಾಯಂಕಾಲ.

ನೀಲಿ ಗೆರೆ ಹತ್ತಿ ಪೀಸ್ ತಗಂಡೆ. ಎರಡು ಸಲ ನೆನ್ಸಿದ್ದಕ್ಕೆ ಉದ್ದದಲ್ಲಿ ಒಂದೂವರೆ ಇಂಚು ಕುಗ್ತು. ಕುಗ್ಗಿದ್ದು ಕಂಡಾಗ ಮೇಡಂ ಮಾತು ನೆನಪಾಗಿ ಮೈ ಜುಮ್ ಅಂತು. ಆ ಎರಡು ಅಂಗಿ ಹರೀದೇ ಇದ್ರೂ ಮೊದಲ್ನೇ ಒಗೆತಕ್ಕೆ ಮೊಮ್ಮಗನಿಗೆ ಆಯ್ತಿದ್ವು.

ನೂಲೆಳ್ದು ಕತ್ರಿಸಾದು ಮಜಾ ಐತೆ. ಗೆರೆ ಬಟ್ಟೆ ಆದ್ದರಿಂದ ಉದ್ದಕ್ಕೆ ಗೆರೇನೇ ದಾರಿ, ಅಡ್ಡಕ್ಕೆ ಮಾತ್ರ ನೂಲು ಎಳ್ದೆ. ತೋಳು ಎರಡೂ ಒಂದೇ ಸಾಯಂಕಾಲ ಕೂತ್ವು. ಇಂಚಿಗೆ ಏಳು ಹೊಲಿಗೆ ಬಂತು, ಸ್ಕೇಲ್ ಇಟ್ಟು ಎಣ್ಸಿವ್ನಿ. ನನ್ನ ಬೆರಳು ದಪ್ಪ, ಕಟಿಂಗ್ ಪ್ಲೇಯರ್ ಹಿಡ್ದೂ ಹಿಡ್ದೂ ಮರಗಟ್ಟಿರಾವು, ಅದಕ್ಕೆ ಸೂಜಿ ಚುಚ್ದಂಗೆ ಬೆರಳಿಗೆ ಹಾಕ್ಕಳೋ ಅಂಗುಸ್ತಾನನೇ ಬೇಕಾಗಿಲ್ಲ. ಆದ್ರೆ ಸೂಜಿಗೆ ದಾರ ಪೋಣ್ಸಾಕೆ ಮೊಮ್ಮಗ ಬೇಕು. ಸ್ಕೂಲಿಂದ ಬಂದ ತಕ್ಷಣ ಹತ್ತು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿ ಆಡಾಕೆ ಓಯ್ತಾನೆ. ಸೂಜಿಗೆ ಎಂಟಾಣೆ ಅಂತ ರೇಟು ಕಟ್ಟಿದ್ದೆ, ಎಂಟಾಣೆ ಅಂದ್ರೇನು ಅಂತ ಕೇಳ್ದ. ಈಗ ರೂಪಾಯಿ ಆಗೈತೆ.

ಬಗಲ್ ಮೊದಲ್ನೇದು ಕೆಟ್ಟೋಯ್ತು. ಮೂರು ಬದಿ ಚೆನ್ನಾಗಿ ಕೂತು, ನಾಕ್ನೇ ಬದೀಗೆ ಬಂದಾಗ ಬಟ್ಟೆ ಸುತ್ಕಂಡಿತ್ತು. ನೋಡುದ್ರೆ ಚೌಕದ ಒಳಮೈ ಹೊರಗೆ ಬಂದೈತೆ, ಮೊದಲ್ನೇ ಹೊಲಿಗೇಲೇ ತಪ್ಪು. ಗೆರೆ ಬಟ್ಟೇಲಿ ಎರಡು ಮೈಯೂ ಒಂದೇ ತರ ಕಾಣ್ತದೆ. ಬಿಚ್ಚಾಕೆ ಅರ್ಧ ಗಂಟೆ ಸಾಕಾಯ್ತು. ಆಮೇಲೆ ಎಲ್ಲಾ ತುಂಡಿನ ಒಳಮೈಗೂ ಸೀಮೆಸುಣ್ಣದಲ್ಲಿ ಒಂದು ಗುಣಾಕಾರ ಚಿಹ್ನೆ ಹಾಕ್ದೆ. ಎರಡ್ನೇ ಬಗಲ್ ಒಂದೇ ಸಲಕ್ಕೆ ಕೂತ್ಕಂತು, ಚುಕ್ಕೆಯಿಂದ ಚುಕ್ಕೆಗೆ.

ಕತ್ತಿಗೆ ಮುಂದೆ 12 ಇಂಚು ಸೀಳು ಮಾಡಿ ಪಟ್ಟಿ ಕೊಟ್ಟೆ. ಕಾಜಾ ಹೊಲಿಯಾಕೆ ಧೈರ್ಯ ಬರ್ಲಿಲ್ಲ, ಎರಡು ಜೊತೆ ಲಾಡಿ ಕಟ್ಟಿವ್ನಿ. ಒಂದು ಕೈಯಲ್ಲಿ ಕಟ್ಟಾಕೆ ಆಗ್ದು, ಹಂಗೇ ನೇತಾಡ್ಲಿ ಅಂತ ಬುಟ್ಟಿವ್ನಿ.

ಈಗ ಹಾಕ್ಕಳಾ ವಿಷ್ಯ. ಫಿಸಿಯೋ ಮಾಡೋ ಹುಡುಗಿ ಹೇಳ್ಕೊಟ್ಟಿದ್ಲು: ನೋವಿರೋ ಕೈ ಮೊದಲು ತೂರಿಸ್ಬೇಕು, ಬಿಚ್ಚೋವಾಗ ಅದು ಕೊನೇಗೆ ಬರ್ಬೇಕು ಅಂತ. ಶರ್ಟಲ್ಲಿ ಹಂಗೆ ಮಾಡಾಕೆ ಜಾಗನೇ ಇರ್ಲಿಲ್ಲ. ಇದ್ರಲ್ಲಿ ಅಂಗೀನ ತೊಡೆ ಮ್ಯಾಲೆ ಹರಡ್ಕಂಡು ಎಡಗೈ ತೋಳೊಳಗೆ ಬುಟ್ಟೆ, ಕಂಕುಳಿನ ಹತ್ರ ಬಟ್ಟೆ ಹಂಗೇ ತೆರ್ಕಂಡ್ತು. ಆಮೇಲೆ ಬಲಗೈ, ತಲೆ. ಒಬ್ನೇ ಹಾಕ್ಕಂಡೆ. ನಮ್ಮೋಳು ಅಡಿಗೆ ಮನೆಯಿಂದ ‘ಬರ್ಲಾ?’ ಅಂದ್ಲು. ಹಾಕ್ಕಂಡಾಯ್ತು ಅಂದೆ. ನಂಬ್ದೆ ಬಂದು ನೋಡಿದ್ಲು. ನೋಡಿ, ‘ಬೆನ್ನಿಗೆ ಗೆರೆ ವಾರೆ ಆಗೈತೆ’ ಅಂದು ಒಳೀಕೋದ್ಲು. ಆಗೈತೆ ನಿಜ.

ಡಬ್ಬಾನೂ ತೆಗ್ದೆ. ಹೊಟ್ಟೆ ಕಾಣ್ಲಿಲ್ಲ.

ದರ್ಜಿ, ಲಷ್ಕರ್ ಮೊಹಲ್ಲಾ

ಮುಬಾರಕ್ ಸಾರ್. ಗೆರೆ ವಾರೆ ಆಗಿದ್ದು ಭುಜದ ಮಡಿಕೆ ನೂಲಿನ ಮೇಲೆ ಬಿದ್ದಿಲ್ಲ ಅಂತ. ಮುಂದಿನದಕ್ಕೆ ಮಡಚೋ ಜಾಗದಲ್ಲೂ ಒಂದು ನೂಲು ಎಳೆದು ನೋಡ್ಕೊಳ್ಳಿ. ಪೂರ್ತಿ ತೆಗೀಬೇಡಿ, ಸ್ವಲ್ಪ ಎಳೆದ್ರೆ ಗೆರೆ ಬೀಳುತ್ತೆ, ಮಡಚಿದ ಮೇಲೆ ಸವರಿಬಿಡಿ.

ಒಳಗಡೆ ಅಂಚು ಏನ್ ಮಾಡಿದ್ರಿ? ಹಾಗೇ ಬಿಟ್ಟಿದ್ರೆ ನಾಲ್ಕೈದು ಒಗೆತಕ್ಕೆ ನೂಲು ಬಿಚ್ಕೊಂಡು ಹೊಲಿಗೆ ತನಕ ಬರುತ್ತೆ. ಎರಡು ಅಂಚಲ್ಲಿ ಒಂದನ್ನ ಅರ್ಧಕ್ಕೆ ಕತ್ತರಿಸಿ, ಇನ್ನೊಂದನ್ನ ಅದರ ಮೇಲೆ ಮಡಚಿ, ಬಟ್ಟೆಗೆ ಚಪ್ಪಟೆಯಾಗಿ ಹೆಮ್ಮಿಂಗ್ ಮಾಡಿ. ಕಂಕುಳಲ್ಲಿ ಚರ್ಮಕ್ಕೂ ಚುಚ್ಚಲ್ಲ.

ಕಂಬದಣ್ಣ, ಮಂಡ್ಯ

ಹಂಗೇ ಬುಟ್ಟಿದ್ದೆ. ಇವತ್ತು ಸಾಯಂಕಾಲ ಕೂರ್ತೀನಿ.

ಇನ್ನೊಂದು. ಇದೇ ತರ ಚೌಕದಲ್ಲೇ ಪೈಜಾಮ ಬತ್ತದಾ? ಇಲಾಸ್ಟಿಕ್ ಬ್ಯಾಡ, ಹೊಟ್ಟೆ ಹಿಡೀತದೆ. ಲಾಡಿ. ಆದ್ರೆ ಒಂದೇ ಕೈಯಲ್ಲಿ ಲಾಡಿ ಗಂಟು ಹಾಕಾದು ಹೆಂಗೆ ಅಂತ ಯಾರಾದ್ರೂ ಹೇಳಿ.

ಅಗ್ರಹಾರದ ಫಾಲ್ ಕುಚ್ಚು, ಮೈಸೂರು

ಬರತ್ತೆ. ಅದಕ್ಕೂ ತೊಡೆ ಸಂದಿಗೆ ಅದೇ ಚೌಕ, ಸ್ವಲ್ಪ ದೊಡ್ಡದು. ಲಾಡಿಯ ಒಂದು ತುದಿನ ಪಟ್ಟಿಗೇ ಗಟ್ಟಿಯಾಗಿ ಹೊಲಿದುಬಿಡಿ, ಜೋಡಿ ದಾರದಲ್ಲಿ. ಇನ್ನೊಂದು ತುದಿಗೆ ಪರ್ಸಿಂದ ಬಿದ್ದಿರೋ ಹಳೇ ಕೊಕ್ಕೆ ಇದ್ರೆ ಹಾಕಿ, ಎಳೆದು ಪಟ್ಟಿಯ ಮೇಲಿನ ದಾರದ ಕುಣಿಕೆಗೆ ಸಿಕ್ಕಿಸಿ. ಗಂಟೇ ಬೇಡ. ಕುಣಿಕೆ ಮೂರು ಮಾಡಿ, ಊಟಕ್ಕೆ ಮುಂಚೆ ಒಂದು, ಆದಮೇಲೆ ಒಂದು, ಹಬ್ಬದ ದಿನಕ್ಕೆ ಒಂದು.